ಟೋರಿಕ್ ಲೆನ್ಸ್ ಹಾಕಿದ್ರೂ ಬೋರ್ಡ್ ಮಸುಕಾಗಿ ಕಾಣ್ತಿದ್ರೆ ದೋಷ ಎಲ್ಲಿದೆ ಅಂತ ಹಿಡಿಯೋದು ಹೆಂಗೆ

ಸಿಲಿಂಡರ್ ನಂಬರ್ ಇರೋರು ಆಸೆಯಿಂದ ಟೋರಿಕ್, ಅಂದ್ರೆ ಆ ಸಿಲಿಂಡರ್ ದೋಷ ಸರಿಮಾಡೋ ಕಾಂಟ್ಯಾಕ್ಟ್ ಲೆನ್ಸ್ ತಗೊಂಡು, ಸ್ವಲ್ಪ ದಿನ ಹಾಕಿ, ಸರಿಯಾಗಿ ಕಾಣ್ತಿಲ್ಲ ಅಂತ ಡಬ್ಬಿ ಮುಚ್ಚಿಟ್ಟು ವಾಪಸ್ ಕನ್ನಡಕಕ್ಕೆ ಹೋಗಿಬಿಡೋದನ್ನ ಮೈಸೂರು ಮಂಡ್ಯ ಎರಡೂ ಕಡೆ ತುಂಬ ನೋಡಿದೀನಿ. ನಾನು ಲೆನ್ಸ್ ಫಿಟ್ಟಿಂಗ್ ಕೆಲ್ಸದಲ್ಲೇ ಇರೋದ್ರಿಂದ ಇದು ನಂಗೆ ನಿಜವಾಗ್ಲೂ ಬೇಜಾರಾಗೋ ವಿಷಯ, ಯಾಕಂದ್ರೆ ಅವರಲ್ಲಿ ಎಷ್ಟೋ ಜನಕ್ಕೆ ಲೆನ್ಸ್ ಚೆನ್ನಾಗೇ ಆಗಿಬರ್ತಿತ್ತು, ತೊಂದ್ರೆ ಎಲ್ಲಿದೆ ಅಂತ ಯಾರೂ ಕೂತು ಹುಡುಕ್ಲಿಲ್ಲ ಅಷ್ಟೆ. ಬರೀ "ಮಸುಕು" ಅಂದ್ರೆ ನಮಗೂ ಏನೂ ಗೊತ್ತಾಗಲ್ಲ. ಯಾವಾಗ ಮಸುಕಾಗುತ್ತೆ, ಹಾಕಿದ ಕ್ಷಣದಿಂದಲಾ, ರೆಪ್ಪೆ ಮಿಟುಕಿಸಿದಾಗಲಾ, ಮಧ್ಯಾಹ್ನದ ಮೇಲಾ, ಅದನ್ನ ಹಿಡಿದುಬಿಟ್ರೆ ಅರ್ಧ ಕೆಲ್ಸ ಮುಗೀತು. ಬ್ರ್ಯಾಂಡ್ ಬದಲಾಯ್ಸೋ ಯೋಚ್ನೆ ಅದಾದ್ಮೇಲೆ.

ಮೊದಲು ಇದೊಂದು

ಕಣ್ಣು ಕೆಂಪಗಾಗಿದೆ, ನೋವಿದೆ, ಬೆಳಕು ನೋಡಕ್ಕಾಗ್ತಿಲ್ಲ, ಗೀಜು ಬರ್ತಿದೆ, ಲೆನ್ಸ್ ತೆಗೆದ ಮೇಲೂ ಮಂಜು ಹೋಗ್ತಿಲ್ಲ, ಇದರಲ್ಲಿ ಯಾವ್ದು ಇದ್ರೂ ಮುಂದೆ ಓದ್ಬೇಡಿ, ಲೆನ್ಸ್ ತೆಗೆದು ಅವತ್ತೇ ಕಣ್ಣಿನ ಡಾಕ್ಟ್ರ ಹತ್ರ ಹೋಗಿ. ಮೈಸೂರಿನ ಕೆ.ಆರ್. ಆಸ್ಪತ್ರೇಲಿ, ಮಂಡ್ಯದ ಮಿಮ್ಸ್ ಆಸ್ಪತ್ರೇಲಿ ಎರಡರಲ್ಲೂ ಕಣ್ಣಿನ ವಿಭಾಗ ಇದೆ. ತೆಗೆದ ಲೆನ್ಸು, ಅದರ ಡಬ್ಬಿ, ಸೊಲ್ಯೂಷನ್ ಬಾಟ್ಲಿ ಬಿಸಾಕ್ಬೇಡಿ, ಜೊತೇಲಿ ತಗೊಂಡು ಹೋಗಿ, ಸೋಂಕು ಇದ್ರೆ ಅದರಿಂದಲೇ ಯಾವ ಕ್ರಿಮಿ ಅಂತ ಪರೀಕ್ಷೆ ಮಾಡಕ್ಕೆ ಅನುಕೂಲ ಆಗುತ್ತೆ. ಮೆಡಿಕಲ್ ಸ್ಟೋರಲ್ಲಿ "ಕಣ್ಣು ಕೆಂಪಾಗಿದೆ" ಅಂತ ಹೇಳಿ ಸಿಕ್ಕಿದ ಡ್ರಾಪ್ಸ್ ಹಾಕ್ಕೋಬೇಡಿ ದಯವಿಟ್ಟು. ಅದರಲ್ಲಿ ಸ್ಟೀರಾಯ್ಡ್ ಇದ್ರೆ ಕೆಂಪು ಕಮ್ಮಿ ಆದಂಗೆ ಕಾಣುತ್ತೆ, ಒಳಗಡೆ ಹುಣ್ಣು ದೊಡ್ಡದಾಗ್ತಾ ಇರುತ್ತೆ.

ಟೋರಿಕ್ ಲೆನ್ಸಿಗೆ ಯಾಕಿಷ್ಟು ರಗಳೆ

ಕಪ್ಪುಗುಡ್ಡೆ ಮೇಲಿನ ಪಾರದರ್ಶಕ ಪದರ ಇದೆಯಲ್ಲ, ಕಾರ್ನಿಯಾ, ಅದು ಕೆಲವರಿಗೆ ಒಂದು ದಿಕ್ಕಲ್ಲಿ ಜಾಸ್ತಿ ಬಾಗಿರುತ್ತೆ, ಅದಕ್ಕೆ ಅಡ್ಡ ದಿಕ್ಕಲ್ಲಿ ಕಮ್ಮಿ. ಹಂಗಾಗಿ ಬೆಳಕು ಒಂದೇ ಕಡೆ ಬಂದು ಕೂಡಲ್ಲ. ಚೀಟೀಲಿ ಸಿಲಿಂಡರ್ ಅಂತ ಇರೋದು ಆ ವ್ಯತ್ಯಾಸ ಎಷ್ಟು ಅನ್ನೋದು, ಆಕ್ಸಿಸ್ ಅಂತ 1ರಿಂದ 180ರವರೆಗೆ ಇರೋ ನಂಬರು ಅದು ಯಾವ ದಿಕ್ಕಲ್ಲಿ ಅನ್ನೋದು. ಕನ್ನಡಕದಲ್ಲಿ ಗಾಜು ಫ್ರೇಮೊಳಗೆ ಫಿಕ್ಸ್ ಆಗಿರುತ್ತೆ, ತಿರುಗಲ್ಲ. ಲೆನ್ಸು ಕಣ್ಣೀರಿನ ಮೇಲೆ ತೇಲ್ತಾ ಇರುತ್ತೆ, ಪ್ರತಿ ಸಲ ರೆಪ್ಪೆ ಬಡಿದಾಗ ಅದಕ್ಕೊಂದು ತಳ್ಳು ಬೀಳುತ್ತೆ. ತಿರುಗದಂಗೆ ನಿಲ್ಲಿಸಕ್ಕೆ ಕೆಲವು ಕಂಪನಿಯೋರು ಲೆನ್ಸಿನ ಕೆಳಭಾಗ ದಪ್ಪ ಮಾಡ್ತಾರೆ, ಇನ್ನು ಕೆಲವರು ಮೇಲೆ ಕೆಳಗೆ ತೆಳು ಮಾಡಿ ರೆಪ್ಪೆಗಳೇ ಅದನ್ನ ಜಾಗಕ್ಕೆ ತಂದು ಕೂರಿಸೋ ಹಂಗೆ ಮಾಡ್ತಾರೆ.

ತಿರುಗಿದ್ರೆ ಎಷ್ಟು ನಷ್ಟ ಅನ್ನೋದು ಗೊತ್ತಿರ್ಲಿ, ಯಾಕಂದ್ರೆ ಇದೇ ಮುಖ್ಯ. 10 ಡಿಗ್ರಿ ಪಕ್ಕಕ್ಕೆ ತಿರುಗಿದ್ರೆ ನಿಮ್ಮ ಸಿಲಿಂಡರಲ್ಲಿ ಸುಮಾರು ಮೂರನೇ ಒಂದು ಭಾಗ ಸರಿಯಾಗದೆ ಉಳಿಯುತ್ತೆ. 30 ಡಿಗ್ರಿ ತಿರುಗಿದ್ರೆ ಟೋರಿಕ್ ಹಾಕಿಯೂ ಉಪಯೋಗ ಇಲ್ಲ, ಮೊದಲಿದ್ದಷ್ಟೇ ಸಿಲಿಂಡರ್ ದೋಷ ಬೇರೆ ದಿಕ್ಕಲ್ಲಿ ಹುಟ್ಕೊಂಡಿರುತ್ತೆ. ಹಂಗಾಗಿ 0.75 ಸಿಲಿಂಡರ್ ಇರೋರಿಗೆ 10 ಡಿಗ್ರಿ ಅಂದ್ರೆ ಹತ್ರಹತ್ರ 0.25 ನಂಬರು, ಅಷ್ಟು ಗಮನಕ್ಕೂ ಬರಲ್ಲ, 2.25 ಇರೋರಿಗೆ ಅದೇ 10 ಡಿಗ್ರಿ ಅಂದ್ರೆ 0.75 ಮೇಲೆ, ಬಸ್ ಬೋರ್ಡ್ ಓದಕ್ಕೆ ಕಷ್ಟ ಆಗುತ್ತೆ. ಸ್ನೇಹಿತರಿಗೆ ಯಾವ ಬ್ರ್ಯಾಂಡ್ ಸರಿ ಹೋಯ್ತು ಅನ್ನೋದು ನಿಮಗೆ ಲೆಕ್ಕಕ್ಕೆ ಬರದೇ ಇರೋದು ಇದಕ್ಕೇ, ಅವರ ಸಿಲಿಂಡರ್ ಬೇರೆ, ರೆಪ್ಪೆ ಬೇರೆ.

ಮನೇಲಿ ಕೂತೇ ನೋಡ್ಬೋದಾದ್ದು

ಕನ್ನಡಕ ಹಾಕ್ಕೊಂಡು ಒಂದೊಂದೇ ಕಣ್ಣು ಮುಚ್ಚಿ ದೂರದ ಯಾವ್ದಾದ್ರೂ ಬೋರ್ಡ್ ಓದಿ. ಕನ್ನಡಕದಲ್ಲೇ ಸರಿಯಾಗಿ ಕಾಣ್ತಿಲ್ಲ ಅಂದ್ರೆ ಲೆನ್ಸ್ ಮೇಲೆ ಅನುಮಾನ ಪಡೋದು ಬೇಡ, ನಂಬರೇ ಹಳೇದಾಗಿದೆ ಇಲ್ಲ ಕಣ್ಣಲ್ಲೇ ಬೇರೆ ಏನೋ ಇದೆ, ಮೊದಲು ನಂಬರ್ ಚೆಕ್ ಮಾಡಿಸಿ. ಲೆನ್ಸ್ ತೆಗೆದ ತಕ್ಷಣ ಹೋಗಿ ಕೂತ್ಕೋಬೇಡಿ, ಎಷ್ಟು ದಿನ ಬಿಟ್ಟು ಬರ್ಬೇಕು ಅಂತ ಫೋನಲ್ಲೇ ಕೇಳ್ಕೊಳ್ಳಿ, ಗಟ್ಟಿ ಲೆನ್ಸ್ ಹಾಕೋರು ಜಾಸ್ತಿ ದಿನ ಬಿಡ್ಬೇಕಾಗುತ್ತೆ.

ಕನ್ನಡಕದಲ್ಲಿ ಸ್ಪಷ್ಟ, ಲೆನ್ಸಲ್ಲಿ ಹಾಕಿದ ಕ್ಷಣದಿಂದ ಮಸುಕು ಅಂದ್ರೆ ಸಣ್ಣ ವಿಷಯಗಳನ್ನ ಮೊದಲು ನೋಡಿ. ಲೆನ್ಸ್ ಉಲ್ಟಾ ಇದೆಯಾ? ಬೆರಳ ತುದೀಲಿಟ್ಟು ಪಕ್ಕದಿಂದ ನೋಡಿ, ಅಂಚು ನೇರ ಮೇಲಕ್ಕೆ ಬಟ್ಟಲಿನ ಥರ ಇದ್ರೆ ಸರಿ, ಊಟದ ತಟ್ಟೆ ಅಂಚಿನ ಥರ ಹೊರಕ್ಕೆ ಬಾಗಿದ್ರೆ ಉಲ್ಟಾ. ಎಡ ಬಲ ಅದಲು ಬದಲಾಗಿದೆಯಾ? ಬರೀ ಮೈನಸ್ ನಂಬರ್ ಇರೋರಿಗೆ ಅದಲು ಬದಲಾದ್ರೂ ಎಷ್ಟೋ ಸಲ ಗೊತ್ತೇ ಆಗಲ್ಲ, ಟೋರಿಕ್‌ನೋರಿಗೆ ಹಂಗಲ್ಲ. ಒಂದು ಕಣ್ಣಿನ ಆಕ್ಸಿಸ್ 20, ಇನ್ನೊಂದರದ್ದು 160 ಇರೋದು ತುಂಬ ಸಾಮಾನ್ಯ, ಅವೆರಡು ಅದಲು ಬದಲಾದ್ರೆ 40 ಡಿಗ್ರಿ ವ್ಯತ್ಯಾಸ, ಸಿಲಿಂಡರ್ ಇಲ್ಲದ ಲೆನ್ಸ್ ಹಾಕಿದ್ದಕ್ಕಿಂತ ಕೆಟ್ಟದಾಗಿ ಕಾಣುತ್ತೆ. ದಿನಾ ಬಲಗಣ್ಣಿಂದಲೇ ಶುರು ಮಾಡೋ ಅಭ್ಯಾಸ ಇಟ್ಕೊಂಡ್ರೆ ಈ ತೊಂದ್ರೆ ಬರಲ್ಲ.

ಆಮೇಲೆ ಪ್ಯಾಕ್ ಮೇಲಿರೋ ನಂಬರು, ಡಾಕ್ಟ್ರ ಚೀಟಿ, ಎರಡೂ ಪಕ್ಕಪಕ್ಕ ಇಟ್ಟು ನೋಡಿ. ಎರಡೂ ಒಂದೇ ಇರ್ಬೇಕು ಅಂತೇನಿಲ್ಲ, ಆದ್ರೆ ಯಾಕೆ ಬೇರೆ ಇದೆ ಅನ್ನೋದಕ್ಕೆ ಕಾರಣ ಇರ್ಬೇಕು. ಕಣ್ಣಿಗೂ ಕನ್ನಡಕಕ್ಕೂ ಮಧ್ಯ ಹನ್ನೆರಡು ಮಿಲಿಮೀಟರ್ ಹಂಗೆ ಜಾಗ ಇರುತ್ತೆ, ಲೆನ್ಸಿಗೆ ಆ ಜಾಗ ಇಲ್ಲ, ಅದಕ್ಕೇ ನಂಬರ್ 4 ದಾಟಿದ್ರೆ ಲೆಕ್ಕ ಹಾಕಿ ಬದಲಾಯಿಸ್ಬೇಕು. ಕನ್ನಡಕದಲ್ಲಿ ಮೈನಸ್ 6, ಸಿಲಿಂಡರ್ ಮೈನಸ್ 2 ಇರೋರಿಗೆ ಲೆನ್ಸಲ್ಲಿ ಮೈನಸ್ 5.50, ಸಿಲಿಂಡರ್ ಮೈನಸ್ 1.75 ಬರುತ್ತೆ, ಸಿಲಿಂಡರ್ ಕೂಡ ಬದಲಾಗುತ್ತೆ ಅನ್ನೋದನ್ನ ಗಮನಿಸಿ. ಕನ್ನಡಕದ ನಂಬರನ್ನೇ ಹಂಗೇ ಕಾಪಿ ಮಾಡಿ ಆನ್‌ಲೈನಲ್ಲಿ ಆರ್ಡರ್ ಮಾಡೋರಿಗೆ ತಪ್ಪು ಇಲ್ಲೇ ಸಿಗುತ್ತೆ.

ಇನ್ನೊಂದು, ಚೀಟೀಲಿ ಸಿಲಿಂಡರ್ ಪ್ಲಸ್ಸಲ್ಲಿ ಬರೆದಿದ್ರೆ ಅದನ್ನ ಮೈನಸ್ಸಿಗೆ ತಿರುಗಿಸ್ಬೇಕು, ಲೆನ್ಸ್ ಬರೋದು ಮೈನಸ್ ಸಿಲಿಂಡರಲ್ಲೇ. ಮೈನಸ್ 3, ಪ್ಲಸ್ 1, ಆಕ್ಸಿಸ್ 90 ಅಂತ ಇದ್ರೆ ಅದು ಮೈನಸ್ 2, ಮೈನಸ್ 1, ಆಕ್ಸಿಸ್ 180 ಆಗುತ್ತೆ. ಮೂರೂ ಬದಲಾಗುತ್ತೆ, ಬರೀ ಚಿಹ್ನೆ ಬದಲಾಯ್ಸಿದ್ರೆ ಸಾಲದು.

ರೆಡಿಮೇಡ್ ಟೋರಿಕ್‌ಗಳು ಸಾಮಾನ್ಯವಾಗಿ 0.75, 1.25, 1.75, 2.25 ಅಂತ ಸಿಲಿಂಡರಲ್ಲೂ, ಹತ್ತತ್ತು ಡಿಗ್ರಿ ಲೆಕ್ಕದಲ್ಲಿ ಆಕ್ಸಿಸಲ್ಲೂ ಬರುತ್ತೆ. ನಿಮ್ಮ ಆಕ್ಸಿಸ್ 85 ಇದ್ರೆ 80 ಇಲ್ಲ 90, ನಡುವೆ ಸಿಗಲ್ಲ. ಚಿಕ್ಕ ಸಿಲಿಂಡರಿಗೆ 5 ಡಿಗ್ರಿ ಏನೂ ಮಾಡಲ್ಲ. ದೊಡ್ಡ ಸಿಲಿಂಡರಿಗೆ ಮಾಡುತ್ತೆ, ಅಂಥೋರು ಸ್ಪೆಷಲ್ ಆಗಿ ಮಾಡಿಸೋ ಲೆನ್ಸ್ ಸಿಗುತ್ತಾ ಅಂತ ಕೇಳಿ, ಬರೋದು ತಡ ಆಗುತ್ತೆ, ದುಡ್ಡೂ ಜಾಸ್ತಿ.

ಒಂದು ಸುಲಭದ ಪರೀಕ್ಷೆ ಇದೆ. ಹಳೇ ಲಗ್ನಪತ್ರಿಕೆ ರಟ್ಟಲ್ಲಿ ಗುಂಡುಸೂಜಿಯಿಂದ ಒಂದು ತೂತು ಮಾಡಿ, ಲೆನ್ಸ್ ಹಾಕ್ಕೊಂಡೇ ಆ ತೂತಿನಿಂದ ದೂರದ ಅಕ್ಷರ ನೋಡಿ. ಅಕ್ಷರ ಚೂಪಾಗಿ ಕಂಡ್ರೆ ತೊಂದ್ರೆ ಪವರ್ರಲ್ಲಿದೆ, ಇಲ್ಲಾಂದ್ರೆ ಲೆನ್ಸ್ ತಿರುಗೋದ್ರಲ್ಲಿದೆ. ತೂತಿಂದ ನೋಡಿದ್ರೂ ಮಂಜಾಗೇ ಇದ್ರೆ ಸಾಮಾನ್ಯವಾಗಿ ಲೆನ್ಸ್ ಕೊಳೆಯಾಗಿರುತ್ತೆ, ಒಣಗಿರುತ್ತೆ, ಇಲ್ಲ ಕಣ್ಣೊಳಗೇ ಏನೋ ಇರುತ್ತೆ.

ಯಾವಾಗ ಮಸುಕಾಗುತ್ತೆ ಅನ್ನೋದೇ ಸುಳಿವು

ಮಾನಸಗಂಗೋತ್ರೀಲಿ ಓದೋ ಒಬ್ಬ ಹುಡುಗ ಬಂದು "ಸಾರ್, ಬೋರ್ಡ್ ಒಂದ್ಸಲ ಕಾಣುತ್ತೆ, ಒಂದ್ಸಲ ಕಾಣಲ್ಲ, ನಂಬರ್ ಹೆಚ್ಚಾಗಿದೆ ಅನ್ಸುತ್ತೆ" ಅಂದ. ನಂಬರ್ ಹೆಚ್ಚಾಗಿದ್ರೆ ಒಂದೇ ಸಮ ಮಸುಕಿರ್ಬೇಕು ಕಣಪ್ಪ, ಬಂದು ಹೋಗಲ್ಲ ಅಂತ ಹೇಳಿ ಸ್ಲಿಟ್ ಲ್ಯಾಂಪಲ್ಲಿ, ಅಂದ್ರೆ ಕಣ್ಣನ್ನ ದೊಡ್ಡದಾಗಿ ತೋರಿಸೋ ಯಂತ್ರದಲ್ಲಿ, ನೋಡಿದ್ರೆ ಅವನು ಕಣ್ಣು ಮಿಟುಕಿಸಿದಾಗೆಲ್ಲ ಲೆನ್ಸ್ ಪಕ್ಕಕ್ಕೆ ತಿರುಗಿ ನಿಧಾನಕ್ಕೆ ವಾಪಸ್ ಬರ್ತಿತ್ತು. ಬಂದು ಹೋಗೋ ಮಸುಕಿಗೆ ಪವರ್ ಬದಲಾಯ್ಸಿದ್ರೆ ಏನೂ ಸರಿಯಾಗಲ್ಲ, ಇದನ್ನ ಎಷ್ಟು ಸಲ ಬೇಕಾದ್ರೂ ಹೇಳ್ತೀನಿ.

ಹಂಗಾಗಿ ಲೆನ್ಸ್ ಹಾಕಿ ಹತ್ತು ಹದಿನೈದು ನಿಮಿಷ ಬಿಟ್ಟು, ಅದು ಕೂತ ಮೇಲೆ, ಒಂದೊಂದೇ ಕಣ್ಣಲ್ಲಿ ಹಿಂಗೆ ನೋಡಿ. ರೆಪ್ಪೆ ಬಡಿದ ತಕ್ಷಣ ಮಸುಕಾಗಿ ಒಂದೆರಡು ಸೆಕೆಂಡಲ್ಲಿ ಸರಿಹೋಗುತ್ತೆ ಅಂದ್ರೆ ಲೆನ್ಸ್ ಸಡಿಲ ಇದೆ, ಜಾಸ್ತಿ ಓಡಾಡ್ತಿದೆ, ತಿರುಗ್ತಿದೆ. ಅದಕ್ಕೆ ಉಲ್ಟಾ, ರೆಪ್ಪೆ ಬಡಿದ ತಕ್ಷಣ ಸ್ಪಷ್ಟ, ಆಮೇಲೆ ಬಿಟ್ಟ ಕಣ್ಣಲ್ಲೇ ನೋಡ್ತಾ ಇದ್ರೆ ಮಸುಕು ಅಂದ್ರೆ ಎರಡರಲ್ಲಿ ಒಂದು, ಕಣ್ಣು ಒಣಗ್ತಿದೆ, ಇಲ್ಲ ಲೆನ್ಸ್ ಬಿಗಿ ಇದೆ. ಬಿಗೀನಾ ಅಂತ ತಿಳ್ಕೊಳ್ಳಕ್ಕೆ ಸಂಜೆ ಲೆನ್ಸ್ ತೆಗೆದ ಮೇಲೆ ಕನ್ನಡೀಲಿ ಬಿಳಿಗುಡ್ಡೆ ನೋಡಿ, ಲೆನ್ಸಿನ ಅಂಚು ಕೂತಿದ್ದ ಜಾಗದಲ್ಲಿ ಉಂಗುರದ ಗುರುತು, ಸುತ್ತ ಕೆಂಪು ಇದ್ರೆ ಬಿಗಿ, ಅಂಥದ್ದನ್ನ ಮತ್ತೆ ಹಾಕ್ಬೇಡಿ.

ನೇರ ನೋಡಿದಾಗ ಚೆನ್ನಾಗಿದ್ದು, ಗಾಡಿ ಕನ್ನಡಿ ನೋಡಿ ಮತ್ತೆ ರಸ್ತೆ ನೋಡಿದಾಗ ಒಂದು ಕ್ಷಣ ಅಕ್ಷರ ಎಳೆದಂಗೆ ಆಗುತ್ತೆ ಅಂದ್ರೂ ತಿರುಗೋ ತೊಂದ್ರೇನೇ. ಮಗ್ಗುಲಾಗಿ ಮಲಗಿ ಟಿವಿ ನೋಡಿದಾಗ ಮಾತ್ರ ಮಸುಕಾಗುತ್ತೆ ಅನ್ನೋರೂ ಇದಾರೆ, ಕೆಳಭಾಗ ದಪ್ಪ ಇರೋ ಲೆನ್ಸುಗಳು ಆಗ ಸ್ವಲ್ಪ ತಿರುಗಬಹುದು, ಎದ್ದು ಕೂತ್ರೆ ಸರಿಹೋಗುತ್ತೆ ಅಂದ್ರೆ ಅದಕ್ಕಾಗಿ ತಲೆ ಕೆಡಿಸ್ಕೋಬೇಡಿ.

ಅಕ್ಷರದ ಪಕ್ಕದಲ್ಲಿ ನೆರಳಿನ ಥರ ಇನ್ನೊಂದು ಅಕ್ಷರ, ಅದೂ ಯಾವಾಗಲೂ ಒಂದೇ ದಿಕ್ಕಿಗೆ, ಕಾಣ್ತಿದ್ರೆ ಸಿಲಿಂಡರ್ ಪೂರ್ತಿ ಸರಿಯಾಗಿಲ್ಲ ಅಂತ. ಇದಕ್ಕೆ ಮೈಸೂರಿನೋರಿಗೆ ಒಂದು ಒಳ್ಳೇ ಪರೀಕ್ಷೆ ಇದೆ: ಭಾನುವಾರ ಸಂಜೆ ಅರಮನೆ ದೀಪ ಹಚ್ಚಿದಾಗ ಹೋಗಿ ದೂರದಲ್ಲಿ ನಿಂತು ಒಂದೊಂದೇ ಕಣ್ಣಲ್ಲಿ ನೋಡಿ. ಹತ್ರಹತ್ರ ಒಂದು ಲಕ್ಷ ಬಲ್ಬು, ಎಲ್ಲಾ ಚುಕ್ಕಿ ಚುಕ್ಕಿಯಾಗಿ ಕಾಣ್ಬೇಕು. ಎಲ್ಲವೂ ಒಂದೇ ದಿಕ್ಕಿಗೆ ಗೀಟಿನ ಥರ ಎಳ್ಕೊಂಡಿದ್ರೆ ಆಕ್ಸಿಸ್ ಇಲ್ಲ ಸಿಲಿಂಡರ್ ತಪ್ಪಿದೆ. ಎಲ್ಲದರ ಸುತ್ತ ಒಂದೇ ಥರ ಹೊಗೆ ಮುಸುಕಿದಂಗೆ ಇದ್ರೆ ಲೆನ್ಸ್ ಮೇಲೆ ಕೊಳೆ ಕೂತಿದೆ ಅಥವಾ ಒಣಗಿದೆ.

ಲೆನ್ಸ್ ತಿರುಗಿದೆ ಅಂತ ಗೊತ್ತಾದ್ರೆ ಮುಂದಿನದು ಫಿಟ್ಟಿಂಗ್ ಮಾಡೋರ ಕೆಲ್ಸ. ಟೋರಿಕ್ ಲೆನ್ಸ್ ಮೇಲೆ ಸಣ್ಣ ಗುರುತಿರುತ್ತೆ, ಕೆಲವಕ್ಕೆ ಕೆಳಗೆ ಒಂದು ಗೀಟು, ಕೆಲವಕ್ಕೆ ಮೇಲೆ ಕೆಳಗೆ ಎರಡೂ ಕಡೆ, ಸ್ಲಿಟ್ ಲ್ಯಾಂಪಲ್ಲಿ ಚೆನ್ನಾಗಿ ಕಾಣುತ್ತೆ. ಗಡಿಯಾರದ ಒಂದು ಗಂಟೆ ಅಂದ್ರೆ 30 ಡಿಗ್ರಿ ಲೆಕ್ಕ. ಎದುರು ಕೂತು ನೋಡೋರಿಗೆ ಕೆಳಗಿನ ಗುರುತು ಅವರ ಎಡಕ್ಕೆ ಹೋಗಿದ್ರೆ ಅಷ್ಟು ಡಿಗ್ರಿ ಆಕ್ಸಿಸ್‌ಗೆ ಕೂಡ್ಬೇಕು, ಬಲಕ್ಕೆ ಹೋಗಿದ್ರೆ ಕಳೀಬೇಕು. ಚೀಟೀಲಿ ಆಕ್ಸಿಸ್ 90 ಇದ್ದು ಗುರುತು 10 ಡಿಗ್ರಿ ಎಡಕ್ಕೆ ನಿಂತಿದ್ರೆ 100ರ ಲೆನ್ಸ್ ತರಿಸ್ಬೇಕು. ನೀವೇ ಕನ್ನಡೀಲಿ ನೋಡಿ ಈ ಲೆಕ್ಕ ಮಾಡಕ್ಕೆ ಹೋಗ್ಬೇಡಿ, ಕನ್ನಡೀಲಿ ಎಡ ಬಲ ಅದಲು ಬದಲು, ತಪ್ಪು ಇನ್ನೂ ಡಬಲ್ ಆಗುತ್ತೆ. ಇಲ್ಲಿ ಒಂದು ಸೂಕ್ಷ್ಮ ಇದೆ, ಲೆನ್ಸ್ ತಿರುಗಿ ಯಾವಾಗಲೂ ಅದೇ ಜಾಗದಲ್ಲೇ ನಿಲ್ತಿದ್ರೆ ಮಾತ್ರ ಈ ಕೂಡೋದು ಕಳೆಯೋದು ಕೆಲ್ಸ ಮಾಡುತ್ತೆ. ಒಂದೊಂದ್ಸಲ ಒಂದೊಂದು ಕಡೆ ನಿಲ್ತಿದ್ರೆ ಆಕ್ಸಿಸ್ ಬದಲಾಯ್ಸಿ ಏನ್ ಪ್ರಯೋಜನ, ಆಗ ಲೆನ್ಸಿನ ಬಾಗು ಬದಲಾಯಿಸ್ಬೇಕು, ಇಲ್ಲ ತಿರುಗದಂಗೆ ನಿಲ್ಲಿಸೋ ರೀತೀನೇ ಬೇರೆ ಇರೋ ಲೆನ್ಸಿಗೆ ಹೋಗ್ಬೇಕು. ಬ್ರ್ಯಾಂಡ್ ಬದಲಾಯ್ಸಕ್ಕೆ ಸರಿಯಾದ ಕಾರಣ ಅಂದ್ರೆ ಇದು.

ಬೆಳಿಗ್ಗೆ ಚೆನ್ನಾಗಿದ್ದು ಮಧ್ಯಾಹ್ನದ ಮೇಲೆ ಹಾಳಾಗೋದು ಇನ್ನೊಂದು ದೊಡ್ಡ ಗುಂಪು. ಮೈಸೂರಿನ ಹೆಬ್ಬಾಳ ಕಡೆ ಐಟಿ ಕಂಪನೀಲಿ ಕೆಲ್ಸ ಮಾಡೋರಲ್ಲಿ ಇದೇ ಹೆಚ್ಚು, ಎಸಿ ಗಾಳಿ ಒಂದು ಕಡೆ, ಸ್ಕ್ರೀನ್ ನೋಡ್ತಾ ನೋಡ್ತಾ ರೆಪ್ಪೆ ಬಡಿಯೋದೇ ಕಮ್ಮಿ ಆಗೋದು ಇನ್ನೊಂದು ಕಡೆ. ಲೆನ್ಸ್ ಒಣಗಿದ್ರೆ ಟೋರಿಕ್‌ನೋರಿಗೆ ಎರಡು ನಷ್ಟ, ಮೇಲ್ಮೈ ಮಂಜಾಗುತ್ತೆ, ಜೊತೆಗೆ ಅಂಟ್ಕೊಂಡು ಜಾಗ ತಪ್ಪುತ್ತೆ. ಲೆನ್ಸ್ ಮೇಲೇ ಹಾಕ್ಬೋದಾದ, ಪ್ರಿಸರ್ವೇಟಿವ್ ಇಲ್ಲದ ತೇವದ ಹನಿ ಹಾಕಿ ನೋಡಿ. ಹನಿ ಹಾಕಿದ ತಕ್ಷಣ ಸ್ಪಷ್ಟ ಆಗಿ ಸ್ವಲ್ಪ ಹೊತ್ತು ನಿಂತ್ರೆ ಒಣಗೋದೇ ಕಾರಣ ಅಂತ ಖಾತ್ರಿ. ಎಸಿ ಗಾಳಿ ಮುಖಕ್ಕೆ ಹೊಡೆಯದಂಗೆ ಕೂತ್ಕೊಳ್ಳಿ, ಆಗಾಗ ರೆಪ್ಪೆ ಪೂರ್ತಿ ಮುಚ್ಚಿ ಬಿಡಿ. ತಿಂಗಳ ಲೆನ್ಸಲ್ಲಿ ಮೊದಲ ವಾರ ಚೆನ್ನಾಗಿದ್ದು ಕೊನೇ ವಾರ ಕಿರಿಕಿರಿ ಅಂದ್ರೆ ಕೊಳೆ ಕೂತಿದೆ. ಸೊಲ್ಯೂಷನಲ್ಲಿ ನೆನೆಹಾಕೋದು ಸಾಲದು, ಅಂಗೈಲಿಟ್ಟು ಬೆರಳಿಂದ ಉಜ್ಜಿ ತೊಳೀಬೇಕು. ಅದಕ್ಕೂ ಬಗ್ಗದಿದ್ರೆ ದಿನಾ ಬಿಸಾಕೋ ಟೋರಿಕ್ ಒಳ್ಳೇದು, ಖರ್ಚು ಜಾಸ್ತಿ ಆದ್ರೂ ವಾರಕ್ಕೆ ಮೂರು ನಾಲ್ಕು ದಿನ ಮಾತ್ರ ಹಾಕೋರಿಗೆ ಲೆಕ್ಕ ಸರಿಹೋಗುತ್ತೆ.

ದೂರ ಎಲ್ಲಾ ಸ್ಪಷ್ಟ, ಫೋನ್ ಮಾತ್ರ ಮಸುಕು, ವಯಸ್ಸು ನಲವತ್ತು ದಾಟಿದೆ ಅಂದ್ರೆ ಲೆನ್ಸಲ್ಲಿ ದೋಷ ಇಲ್ಲ, ಓದೋ ನಂಬರ್ ಬಂದಿದೆ.

ಕಾಣೋದು ಚೆನ್ನಾಗಿದೆ, ಇಟ್ಕೊಳ್ಳಕ್ಕೆ ಆಗ್ತಿಲ್ಲ ಅನ್ನೋರಿಗೆ

ಹಾಕಿದ ತಕ್ಷಣ ಒಂದೇ ಜಾಗದಲ್ಲಿ ಚುಚ್ಚಿದ್ರೆ ಧೂಳು ಸಿಕ್ಕಿದೆ ಇಲ್ಲ ಅಂಚು ಹರಿದಿದೆ. ತೆಗೆದು ಸೊಲ್ಯೂಷನಲ್ಲಿ ತೊಳೆದು ಬೆಳಕಿಗೆ ಹಿಡಿದು ಅಂಚು ಪೂರ್ತಿ ನೋಡಿ. ಹರಿದಿದ್ರೆ ಎಷ್ಟೇ ಬೆಲೆ ಕೊಟ್ಟಿದ್ರೂ ಬಿಸಾಕಿ. ಕೆಳರೆಪ್ಪೆ ಅಂಚಲ್ಲಿ ಮಾತ್ರ ಏನೋ ಇದೆ ಅನ್ನಿಸ್ತಿದ್ರೆ ಕೆಳಭಾಗ ದಪ್ಪ ಇರೋ ಡಿಸೈನ್ ನಿಮಗೆ ಹಿಡಿಸ್ತಿಲ್ಲ, ಮೇಲೆ ಕೆಳಗೆ ತೆಳು ಇರೋದನ್ನ ಕೇಳಿ. ಉರಿ ಹೊಸ ಸೊಲ್ಯೂಷನ್ ಬಾಟ್ಲಿಯಿಂದ ಶುರುವಾಗಿದ್ರೆ ಸೊಲ್ಯೂಷನ್ ಬದಲಾಯಿಸಿ. ಹೈಡ್ರೋಜನ್ ಪೆರಾಕ್ಸೈಡ್ ಇರೋದನ್ನ ತಗೊಂಡ್ರೆ ಅದರ ಜೊತೆ ಬರೋ ಡಬ್ಬೀಲೇ ಹೇಳಿರೋಷ್ಟು ಗಂಟೆ ಇಡಬೇಕು, ನೇರ ಬಾಟ್ಲಿಯಿಂದ ಕಣ್ಣಿಗೆ ಹೋದ್ರೆ ಸುಡುತ್ತೆ.

ಕೆರೆತ, ದಾರದಂಥ ಲೋಳೆ, ಲೆನ್ಸ್ ಮೇಲಕ್ಕೆ ಎಳ್ಕೊಳ್ಳೋದು, ಈ ಮೂರೂ ಒಟ್ಟಿಗಿದ್ರೆ ಮೇಲಿನ ರೆಪ್ಪೆ ಒಳಗಡೆ ಸಣ್ಣ ಗುಳ್ಳೆ ಎದ್ದಿರ್ಬೋದು, ಡಾಕ್ಟ್ರು ರೆಪ್ಪೆ ಮಗುಚಿ ನೋಡ್ಬೇಕು. ಅದು ವಾಸಿ ಆಗೋವರ್ಗೂ ಯಾವ ಟೋರಿಕ್ಕೂ ನೆಟ್ಟಗೆ ನಿಲ್ಲಲ್ಲ.

ಮಂಡ್ಯ ಕಡೆಯೋರಿಗೆ ವಿಶೇಷವಾಗಿ ಹೇಳ್ಬೇಕು. ಆಲೆಮನೆ ಹೊಗೆ, ಕಬ್ಬಿನ ತರಗು ಸುಡೋ ಜಾಗ, ಒಕ್ಕಣೆ ಧೂಳು, ಇಲ್ಲೆಲ್ಲ ಲೆನ್ಸ್ ಬೇಡ, ಕನ್ನಡಕ ಹಾಕ್ಕೊಳ್ಳಿ. ಬೈಕಲ್ಲಿ ಹೋಗೋರು ಹೆಲ್ಮೆಟ್ ಗ್ಲಾಸ್ ಇಳಿಸಿ. ಲೆನ್ಸ್ ಹಾಕ್ಕೊಂಡು ವಿ.ಸಿ. ನಾಲೇಲೋ ಹೊಳೇಲೋ ಈಜಬೇಡಿ, ಲೆನ್ಸ್ ತೊಳೆಯಕ್ಕೆ ಕಾವೇರಿ ನೀರೂ ಬೇಡ, ಬೋರ್ ನೀರೂ ಬೇಡ, ಫಿಲ್ಟರ್ ನೀರೂ ಬೇಡ. ನೀರಲ್ಲಿ ಅಕಾಂತಮೀಬಾ ಅನ್ನೋ ಜೀವಿ ಇರುತ್ತೆ, ಅದು ಕಾರ್ನಿಯಾಗೆ ಹತ್ತಿದ್ರೆ ತಿಂಗಳುಗಟ್ಟಲೆ ಚಿಕಿತ್ಸೆ, ದೃಷ್ಟಿ ಹೋಗಿಬಿಡೋ ಅಪಾಯ ಕೂಡ ಇದೆ. ಕೈ ಸೋಪಲ್ಲಿ ತೊಳೆದು ಒಣಗಿಸಿ ಆಮೇಲೇ ಮುಟ್ಟಿ. ಖಾಲಿ ಡಬ್ಬೀನ ಸೊಲ್ಯೂಷನಲ್ಲೇ ತೊಳೆದು ಬೋರಲು ಹಾಕಿ ಒಣಗಿಸಿ, ಮೂರು ತಿಂಗಳಿಗೊಮ್ಮೆ ಹೊಸದು ತಗೊಳ್ಳಿ.

ಎಲ್ಲಾ ಸರಿಯಿದ್ರೂ ಕಾಣ್ತಿಲ್ಲ ಅಂದ್ರೆ

ಪವರ್ ಸರಿ, ಲೆನ್ಸ್ ತಿರುಗಿಲ್ಲ, ಒಣಗಿಲ್ಲ, ಆದ್ರೂ ನೆರಳು ಹೋಗ್ತಿಲ್ಲ, ಕನ್ನಡಕದಲ್ಲೂ ಪೂರ್ತಿ ಸ್ಪಷ್ಟ ಇಲ್ಲ, ಆದ್ರೆ ಸೂಜಿ ತೂತಿಂದ ನೋಡಿದ್ರೆ ಚೆನ್ನಾಗಿ ಕಾಣುತ್ತೆ. ಇದರ ಜೊತೆ ವಯಸ್ಸು ಚಿಕ್ಕದು, ಸಿಲಿಂಡರ್ ಪ್ರತಿ ಸಲ ಚೆಕ್ ಮಾಡಿಸಿದಾಗ ಏರ್ತಾ ಇದೆ, ಆಕ್ಸಿಸ್ ಬದಲಾಗ್ತಾ ಇದೆ, ಕಣ್ಣುಜ್ಜೋ ಅಭ್ಯಾಸ ಇದೆ ಅಂದ್ರೆ ಇನ್ನೊಂದು ಟೋರಿಕ್ ಟ್ರೈ ಮಾಡೋ ಮುಂಚೆ ಕಾರ್ನಿಯಾ ಟೋಪೋಗ್ರಫಿ, ಅಂದ್ರೆ ಕಾರ್ನಿಯಾದ ಆಕಾರ ಅಳೆಯೋ ಪರೀಕ್ಷೆ, ಮಾಡಿಸಿ. ಕೆರಟೋಕೋನಸ್ ಅಂತ ಒಂದು ತೊಂದ್ರೆ, ಕಾರ್ನಿಯಾ ತೆಳುವಾಗ್ತಾ ಮುಂದಕ್ಕೆ ಉಬ್ಬುತ್ತೆ. ಬೇಗ ಗೊತ್ತಾದ್ರೆ ಕಾರ್ನಿಯಾನ ಗಟ್ಟಿ ಮಾಡೋ ಸಿ3ಆರ್ ಚಿಕಿತ್ಸೆಯಿಂದ ಅದು ಮುಂದುವರಿಯೋದನ್ನ ತಡೀಬೋದು, ತಡ ಆದ್ರೆ ಕಳ್ಕೊಂಡಿದ್ದು ವಾಪಸ್ ಬರೋದು ಕಷ್ಟ. ಮನೇಲಿ ಮಕ್ಕಳು ಕಣ್ಣುಜ್ಜುತಾ ಇದ್ರೆ "ಉಜ್ಜಬೇಡ ಕಣೋ" ಅಂತ ಬೈದು ಸುಮ್ಮನಾಗ್ಬೇಡಿ, ಕೆರೆತಕ್ಕೆ ಔಷಧಿ ಕೊಡಿಸಿ, ಆಗ ತಾನಾಗೇ ನಿಲ್ಲುತ್ತೆ.

ಅಂಥ ಕಣ್ಣಿಗೂ, ಸಿಲಿಂಡರ್ ತುಂಬ ಜಾಸ್ತಿ ಇರೋರಿಗೂ ಆರ್‌ಜಿಪಿ ಅನ್ನೋ ಗಟ್ಟಿ ಲೆನ್ಸ್ ಬರುತ್ತೆ. ಅದು ಕಾರ್ನಿಯಾ ಆಕಾರಕ್ಕೆ ಬಾಗಲ್ಲ, ಕೆಳಗಿನ ತಗ್ಗುಗಳನ್ನ ಕಣ್ಣೀರೇ ತುಂಬುತ್ತೆ, ಹಂಗಾಗಿ ತಿರುಗಿದ್ರೂ ದೃಷ್ಟಿ ಕೆಡಲ್ಲ. ದೋಷ ಕಣ್ಣೊಳಗಿನ ಸಹಜ ಲೆನ್ಸಲ್ಲಿದ್ರೆ ಮಾತ್ರ ಇದರಿಂದ ಪೂರ್ತಿ ಸರಿಯಾಗಲ್ಲ. ಮೊದಮೊದಲು ಕಸ ಬಿದ್ದಂಗೆ ಅನ್ಸುತ್ತೆ, ದಿನಕ್ಕೆ ಸ್ವಲ್ಪ ಸ್ವಲ್ಪ ಹೊತ್ತು ಏರಿಸ್ತಾ ಹೋಗ್ಬೇಕು. ಅದನ್ನ ತಡ್ಕೊಳ್ಳಕ್ಕೆ ಆಗದೇ ಇರೋರಿಗೆ ಬಿಳಿಗುಡ್ಡೆ ಮೇಲೆ ಕೂರೋ ದೊಡ್ಡ ಸ್ಕ್ಲೀರಲ್ ಲೆನ್ಸ್ ಇದೆ, ಅದು ಕಾರ್ನಿಯಾನ ಮುಟ್ಟೋದೇ ಇಲ್ಲ, ಅದಕ್ಕೇ ಆಶ್ಚರ್ಯ ಆಗೋಷ್ಟು ಹಾಯಾಗಿರುತ್ತೆ, ದುಬಾರಿ ಅನ್ನೋದೊಂದೇ.

ಫಿಟ್ಟಿಂಗ್ ಮಾಡೋರ ಹತ್ರ ಹೋಗುವಾಗ

ಕಣ್ಣಲ್ಲಿ ನೋವು ಕೆಂಪು ಇಲ್ಲ ಅಂದ್ರೆ ಲೆನ್ಸ್ ಹಾಕ್ಕೊಂಡೇ ಹೋಗಿ, ಅದೂ ಒಂದೆರಡು ಗಂಟೆ ಮುಂಚೆನೇ ಹಾಕಿರಿ, ಕೈಲಿ ಹಿಡ್ಕೊಂಡು ಹೋದ್ರೆ ಅದು ಎಲ್ಲಿ ನಿಲ್ಲುತ್ತೆ ಅಂತ ನೋಡಕ್ಕೆ ಆಗಲ್ಲ. ಪ್ಯಾಕ್ ಮೇಲಿನ ಫಾಯಿಲ್, ಕನ್ನಡಕ, ಹಳೇ ಚೀಟಿಗಳು ಎಲ್ಲಾ ಇರ್ಲಿ. ಲೆನ್ಸ್ ಮೇಲೇ ಟ್ರಯಲ್ ಗಾಜು ಇಟ್ಟು ನೋಡಿ ಅಂತ ಕೇಳಿ: ಬರೀ ಮೈನಸ್ ಪ್ಲಸ್ ಗಾಜಿಂದ ಸ್ಪಷ್ಟ ಆದ್ರೆ ಪವರ್ ತಪ್ಪು, ಸಿಲಿಂಡರ್ ಗಾಜು ಇಟ್ರೆ ಮಾತ್ರ ಸ್ಪಷ್ಟ ಆದ್ರೆ ಲೆನ್ಸ್ ತಿರುಗಿದೆ ಇಲ್ಲ ಸಿಲಿಂಡರ್ ಸಾಲ್ತಿಲ್ಲ, ಏನಿಟ್ರೂ ಸ್ಪಷ್ಟ ಆಗಲ್ಲ ಅಂದ್ರೆ ಲೆನ್ಸಿನ ಮೇಲ್ಮೈ, ಫಿಟ್ಟಿಂಗು, ಇಲ್ಲ ಕಣ್ಣನ್ನೇ ನೋಡ್ಬೇಕು. ಇಷ್ಟು ಮಾಡದೆ "ಹೊಸ ಬಾಕ್ಸ್ ತಗೊಳ್ಳಿ" ಅನ್ನೋ ಅಂಗಡೀಲಿ ತಗೋಬೇಡಿ.

ಟ್ರಯಲ್ ಲೆನ್ಸ್ ಕೊಟ್ರೆ ಅಂಗಡೀಲಿ ಚಾರ್ಟ್ ಓದಿ ಒಪ್ಕೊಂಡುಬಿಡ್ಬೇಡಿ. ಅದನ್ನ ಹಾಕ್ಕೊಂಡೇ ಆಫೀಸಿಗೆ ಹೋಗಿ, ಅಡುಗೆಮನೇಲಿ ನಿಲ್ಲಿ, ಕತ್ತಲಾದ ಮೇಲೆ ಬೇರೆಯೋರು ಓಡಿಸೋ ಗಾಡೀಲಿ ಪಕ್ಕ ಕೂತು ಹೈವೇಲಿ ಎದುರಿಂದ ಬರೋ ಲಾರಿ ಲೈಟು, ಮದ್ದೂರು ಶ್ರೀರಂಗಪಟ್ಟಣ ಅಂತ ಬರೆದಿರೋ ಹಸಿರು ಬೋರ್ಡು ನೋಡಿ. ಅಲ್ಲೂ ಅಕ್ಷರ ಚೂಪಾಗಿ ಕಂಡು, ಮನೆಗೆ ಬಂದು ತೆಗೆಯೋವಾಗ ಕಣ್ಣು ಬೆಳ್ಳಗೇ ಇದ್ರೆ ಆಮೇಲೆ ಬಾಕ್ಸ್ ಆರ್ಡರ್ ಮಾಡಿ, ಆ ನಂಬರೆಲ್ಲ ಫೋನಲ್ಲಿ ಫೋಟೋ ತೆಗೆದು ಇಟ್ಕೊಳ್ಳಿ.